ಹಡಗು ಹತ್ತುವ ಮುನ್ನ ಬಂದರಿನ ಹೆಸರು ಓದಿ

ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ಸುಮಾರು ನವೆಂಬರ್‌ನಿಂದ ಮೇ ತನಕ, ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗರ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ನಿಂತರೆ ಸಂಜೆಗೆ ಹೊರಟೇಬಿಡುತ್ತವೆ. ನಡುವಿನ ಎಂಟೊಂಬತ್ತು ತಾಸಿನಲ್ಲಿ ಪ್ರಯಾಣಿಕರು ಬಸ್ಸು, ಟ್ಯಾಕ್ಸಿ ಹಿಡಿದು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಪೇಟೆ, ಇವುಗಳಲ್ಲಿ ಎರಡು ಮೂರನ್ನು ನೋಡಿ ಮರಳುತ್ತಾರೆ. ನೋಡಿದ್ದು ಸಾಮಾನ್ಯವಾದದ್ದೇನೂ ಅಲ್ಲ. ಬಸದಿ 1430ರದ್ದು, ಬಾಹುಬಲಿ 1432ರದ್ದು, ಚಾಪೆಲ್‌ನ ಗೋಡೆ, ಮಾಡುಗಳ ತುಂಬ ಇಟಲಿಯ ಆಂತೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ಆದರೂ ಇವರು ಕರ್ನಾಟಕ ನೋಡಿದರು ಎನ್ನಲು ನಮಗೆ ಬಾಯಿ ಬರುವುದಿಲ್ಲ. ಹಂಪಿ, ಬಾದಾಮಿ, ಬೇಲೂರು, ಮೈಸೂರು ಎಲ್ಲವೂ ಘಟ್ಟದ ಮೇಲೆಯೇ ಉಳಿದವು. ಬಂದರಿನಲ್ಲಿ ಯಕ್ಷಗಾನದ ವೇಷದೊಡನೆ ಫೋಟೊ ತೆಗೆಸಿಕೊಂಡದ್ದಾಯಿತು. ಊರಿನ ಬಯಲಿನಲ್ಲಿ ರಾತ್ರಿ ಚೆಂಡೆಯ ಸದ್ದು ಏಳುವ ಹೊತ್ತಿಗೆ ಅವರ ಹಡಗು ಮುಂದಿನ ಬಂದರಿನ ದಾರಿಯಲ್ಲಿರುತ್ತದೆ.

ಈಗ ನಮ್ಮವರೂ ಇಂಥ ಹಡಗುಗಳನ್ನು ಹತ್ತುತ್ತಿದ್ದಾರೆ. ‘ಏಳು ರಾತ್ರಿ, ನಾಲ್ಕು ದೇಶ’ ಎನ್ನುವ ಜಾಹೀರಾತು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಟ್ರಾವೆಲ್ ಏಜೆಂಟರ ಕಚೇರಿಗಳಲ್ಲಿ ಸಾಮಾನ್ಯವಾಗಿದೆ. ನಿವೃತ್ತಿಯ ದುಡ್ಡಿನಲ್ಲಿ ಒಮ್ಮೆ ಹೊರದೇಶ ನೋಡಿಬರೋಣ ಎನ್ನುವ ದಂಪತಿ, ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅಲಾಸ್ಕಾ ಕ್ರೂಸ್‌ಗೆ ಹೊರಡುವ ಅಪ್ಪ ಅಮ್ಮ, ಮೂರು ತಲೆಮಾರು ಒಟ್ಟಿಗೆ ಹೊರಡುವ ಮನೆಗಳು, ಇವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ದೂರದ ದೇಶ ನೋಡಲು ಹಡಗು ಒಳ್ಳೆಯ ದಾರಿಯೇ?

ಇದಕ್ಕೆ ಎಲ್ಲ ದೇಶಗಳಿಗೂ ಸಲ್ಲುವ ಒಂದೇ ಉತ್ತರ ಇಲ್ಲ. ಆದರೆ ಉತ್ತರ ಕಂಡುಕೊಳ್ಳುವ ದಾರಿ ಬಹಳ ಸರಳವಾಗಿದೆ. ನೀವು ನೋಡಬೇಕೆಂದಿರುವುದು ನೀರಿನ ಅಂಚಿನಲ್ಲಿದೆಯೋ, ಒಳನಾಡಿನಲ್ಲಿದೆಯೋ? ಅಂಚಿನಲ್ಲಿದ್ದರೆ ಹಡಗಿನಷ್ಟು ಸುಖವಾದ ದಾರಿ ಬೇರೆ ಇಲ್ಲ. ಒಳನಾಡಿನಲ್ಲಿದ್ದರೆ ಹಡಗು ನಿಮ್ಮನ್ನು ಹೊಸ್ತಿಲವರೆಗೆ ಕರೆದೊಯ್ದು ಸಂಜೆಯೊಳಗೆ ವಾಪಸ್ ಕರೆಯುತ್ತದೆ. ಏಜೆಂಟರೊಡನೆ ಬಾಲ್ಕನಿ ಕ್ಯಾಬಿನ್‌ನ ಮಾತು ಶುರು ಮಾಡುವ ಮೊದಲು ಇದೊಂದನ್ನು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಂಸದೊಳಗಿನ ಊರು

ಕ್ರೂಸ್ ಕಂಪನಿಯ ವೇಳಾಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ರೋಮ್’ ಎಂದಿರುತ್ತದೆ, ಪಕ್ಕದಲ್ಲಿ ಕಂಸದೊಳಗೆ ಇನ್ನೊಂದು ಹೆಸರಿರುತ್ತದೆ: ಚಿವಿಟಾವೆಕ್ಕಿಯಾ. ಹಡಗು ನಿಲ್ಲುವುದು ಈ ಎರಡನೆಯ ಊರಿನಲ್ಲಿ. ಅಲ್ಲಿಂದ ರೋಮ್ ಎಪ್ಪತ್ತು ಎಂಬತ್ತು ಕಿಲೋಮೀಟರ್. ಫ್ಲಾರೆನ್ಸ್ ಎಂದು ಬರೆದ ಕಡೆ ಹಡಗು ನಿಲ್ಲುವುದು ಲಿವೋರ್ನೊದಲ್ಲಿ, ಸುಮಾರು 90 ಕಿ.ಮೀ. ದೂರ. ಪ್ಯಾರಿಸ್‌ಗೆ ಲೆ ಆವ್ರ್, ಸುಮಾರು 200 ಕಿ.ಮೀ. ಬರ್ಲಿನ್‌ಗೆ ವಾರ್ನೆಮುಂಡೆ, 200 ಕಿ.ಮೀ.ಗೂ ಹೆಚ್ಚು. ಬ್ಯಾಂಕಾಕ್‌ಗೆ ಲೇಮ್ ಚಬಾಂಗ್, ನೂರು ಕಿ.ಮೀ. ಮೀರುತ್ತದೆ. ಕೈರೋ ಮತ್ತು ಪಿರಮಿಡ್‌ಗಳಿಗೆ ಅಲೆಕ್ಸಾಂಡ್ರಿಯಾ, ಇನ್ನೂರಕ್ಕೂ ಹೆಚ್ಚು.

ವೆನಿಸ್‌ನದು ಬೇರೆಯೇ ಕಥೆ. ಹಿಂದೆ ದೊಡ್ಡ ಹಡಗುಗಳು ಸಂತ ಮಾರ್ಕನ ಚೌಕದ ಮುಂದೆಯೇ ಸಾಗುತ್ತಿದ್ದವು. ಡೆಕ್ಕಿನ ಮೇಲೆ ನಿಂತು ಇಡೀ ಊರನ್ನು ಕಾಣಬಹುದಿತ್ತು. ಅಲೆಗಳಿಂದ ಹಳೆಯ ಕಟ್ಟಡಗಳ ಬುಡಕ್ಕೆ, ಸುತ್ತಲ ಜೌಗು ನೀರಿಗೆ ಹಾನಿಯಾಗುತ್ತದೆ ಎಂದು ಊರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಆಗಸ್ಟ್‌ನಿಂದ ಇಟಲಿ ಸರ್ಕಾರ 25,000 ಟನ್ನಿಗೂ ದೊಡ್ಡ ಹಡಗುಗಳನ್ನು ಆ ದಾರಿಯಲ್ಲಿ ಬಿಡುತ್ತಿಲ್ಲ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಆದರೆ ಪ್ರಯಾಣಿಕರು ಗಮನಿಸಬೇಕಾದ್ದು ಇದು: ಇಂದು ‘ವೆನಿಸ್’ ಎಂದು ಬರೆದಿರುವ ಹಡಗು ಮರ್ಗೇರಾದ ಕೈಗಾರಿಕಾ ಬಂದರಿನಲ್ಲಿ ನಿಲ್ಲಬಹುದು, ಅಥವಾ ನೂರು ಕಿ.ಮೀ. ಮೀರಿದ ದೂರದ ರವೆನ್ನಾದಲ್ಲಿ ನಿಲ್ಲಬಹುದು. ಹಳೆಯ ವಿಡಿಯೊ ನೋಡಿ ಟಿಕೆಟ್ ಮಾಡಿಸಿದವರಿಗೆ ಆ ನೋಟ ಸಿಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಬಂದರುಗಳೂ ಇವೆ. ಸಿಡ್ನಿಯಲ್ಲಿ ಹಡಗು ಒಪೆರಾ ಹೌಸ್‌ನ ಎದುರು ದಡದಲ್ಲೇ ನಿಲ್ಲುತ್ತದೆ. ಇಸ್ತಾಂಬುಲ್‌ನ ಗಲಾಟಾಪೋರ್ಟ್‌ನಿಂದ ಇಳಿದು ಟ್ರಾಮ್ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಹಾಗಿಯಾ ಸೋಫಿಯಾ. ಮಾಲ್ಟಾದ ವಲೆಟ್ಟಾದಲ್ಲಿ ಕೋಟೆಯ ಗೋಡೆಯ ಕೆಳಗೇ ಕಟ್ಟೆ. ಅಥೆನ್ಸ್‌ಗೆ ಪಿರೇಯಸ್ ಹತ್ತು ಹನ್ನೆರಡು ಕಿ.ಮೀ. ಅಷ್ಟೇ, ಮೆಟ್ರೊ ಕೂಡ ಇದೆ. ಟರ್ಕಿಯ ಕುಶಾದಾಸಿಯಿಂದ ಎಫೆಸಸ್‌ನ ಅವಶೇಷಗಳಿಗೆ ಅರ್ಧ ತಾಸಿನೊಳಗಿನ ದಾರಿ. ಆದ್ದರಿಂದ ಪಟ್ಟಿಯಲ್ಲಿರುವ ಪ್ರತಿ ಬಂದರನ್ನೂ ಮ್ಯಾಪ್‌ನಲ್ಲಿ ಹುಡುಕಿ, ನೀವು ನೋಡಬೇಕೆಂದಿರುವ ಜಾಗಕ್ಕೆ ಎಷ್ಟು ದೂರ ಎಂದು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಈ ಒಂದು ಸಂಜೆಯ ಕೆಲಸ ಮುಂದೆ ಲಕ್ಷಗಟ್ಟಲೆ ರೂಪಾಯಿಯ ಬೇಸರವನ್ನು ತಪ್ಪಿಸುತ್ತದೆ.

ದೂರದ ಜತೆಗೆ ಗಂಟೆಯ ಲೆಕ್ಕವನ್ನೂ ಮಾಡಬೇಕು. ರೋಮ್‌ನ ದಿನವನ್ನೇ ತೆಗೆದುಕೊಳ್ಳಿ. ಪಟ್ಟಿಯಲ್ಲಿ ಬೆಳಿಗ್ಗೆ 7ರಿಂದ ಸಂಜೆ 7 ಎಂದಿದ್ದರೆ ಹನ್ನೆರಡು ತಾಸು ಸಿಕ್ಕಿತು ಎನಿಸುತ್ತದೆ. ಹಡಗು ಕಟ್ಟೆಗೆ ಬಂದು, ಅನುಮತಿ ಸಿಕ್ಕಿ, ಸಾವಿರಾರು ಜನರ ಸಾಲಿನಲ್ಲಿ ನೀವು ಇಳಿಯುವಾಗ 8 ಆಗಿರುತ್ತದೆ. ಬಂದರಿನ ಬಸ್ಸಿನಲ್ಲಿ ಗೇಟಿಗೆ, ಅಲ್ಲಿಂದ ರೈಲು ನಿಲ್ದಾಣಕ್ಕೆ, ರೈಲಿನಲ್ಲಿ ಸುಮಾರು ಒಂದು ತಾಸು. ರೋಮ್‌ನಲ್ಲಿ ಕಾಲಿಡುವಾಗ ಹತ್ತು ಗಂಟೆ. ಸಂಜೆ ಹಡಗು ಹೊರಡುವುದಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮುಂಚೆಯೇ ಎಲ್ಲರೂ ಒಳಗಿರಬೇಕು. ರೈಲು ತಡವಾದರೆ ಎಂಬ ಭಯವನ್ನೂ ಸೇರಿಸಿದರೆ ನಾಲ್ಕು ಗಂಟೆಗೆ ರೋಮ್ ಬಿಡಬೇಕು. ಉಳಿದದ್ದು ಆರು ತಾಸು, ಊಟವೂ ಅದರಲ್ಲೇ. ವ್ಯಾಟಿಕನ್ ಮ್ಯೂಸಿಯಂ ಒಂದಕ್ಕೇ ಮೂರು ತಾಸು ಸಾಲದು. ಕೊಲೋಸಿಯಂ ಅನ್ನು ಹೊರಗಿನಿಂದ ನೋಡಿ ಮರಳುವುದೇ ಹೆಚ್ಚಿನವರ ಅನುಭವ.

ವಾರದ ದಿನವನ್ನೂ ನೋಡಿ. ಸ್ವಂತವಾಗಿ ಹೋಗುವವರು ದಿನ ಬದಲಿಸಿಕೊಳ್ಳಬಹುದು, ಹಡಗಿನವರಿಗೆ ಆ ಅವಕಾಶ ಇಲ್ಲ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರಗಳಲ್ಲಿ ಮುಚ್ಚಿರುತ್ತದೆ. ಫ್ಲಾರೆನ್ಸ್‌ನ ಉಫಿಜಿಗೆ ಸೋಮವಾರ ರಜೆ, ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ.

ತಡವಾದರೆ ಏನಾಗುತ್ತದೆ? ಹಡಗಿನ ಕಂಪನಿಯ ಮೂಲಕವೇ ಬುಕ್ ಮಾಡಿದ ದಿನದ ಪ್ರವಾಸವಾದರೆ ಬಸ್ಸು ಬರುವ ತನಕ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಕಾಯಲಾಗದಿದ್ದರೆ ಮುಂದಿನ ಬಂದರಿಗೆ ಕಳಿಸುವ ಹೊಣೆ ಅವರದು. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಹಡಗು ಹೊರಟುಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಪಶ್ಚಿಮದ ಸಾವೊ ಟೋಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿದ್ದ ಎಂಟು ಮಂದಿ ಹೀಗೆ ಉಳಿದುಬಿಟ್ಟು, ಮುಂದೆ ಹಡಗನ್ನು ಹಿಡಿಯಲು ಹಲವು ದೇಶ ದಾಟಬೇಕಾಯಿತು. ನಮ್ಮ ಪಾಸ್‌ಪೋರ್ಟ್‌ಗೆ ನಡುವಿನ ದೇಶಗಳ ವೀಸಾ ಸಿಗುವುದು ಇನ್ನೂ ಕಷ್ಟ. ಹಾಗಾಗಿ ನನ್ನ ಸಲಹೆ: ಬಂದರಿನಿಂದ ನಡೆದು ಹೋಗಬಹುದಾದ ಊರಿನಲ್ಲಿ ಸ್ವಂತವಾಗಿ ಸುತ್ತಿ, ದೂರದ ಊರಿಗೆ ಹೋಗುವುದಾದರೆ ದುಬಾರಿಯಾದರೂ ಹಡಗಿನವರ ಬಸ್ಸಿನಲ್ಲೇ ಹೋಗಿ.

ಕೈತಪ್ಪುವ ಸಂಜೆ

ಗಂಟೆಯ ಲೆಕ್ಕದಲ್ಲಿ ಸಿಗದ ಇನ್ನೊಂದು ನಷ್ಟ ಇದೆ, ಅದೇ ದೊಡ್ಡದು ಎಂದು ನನಗೆ ಅನಿಸುತ್ತದೆ. ಹಡಗು ಹಗಲಿನಲ್ಲಿ ನಿಂತು ರಾತ್ರಿ ಸಾಗುತ್ತದೆ. ಅಂದರೆ ನೀವು ಯಾವ ಊರಿನ ಸಂಜೆಯನ್ನೂ ನೋಡುವುದಿಲ್ಲ. ಇಟಲಿಯ ಊರುಗಳಲ್ಲಿ ಬಿಸಿಲು ಇಳಿದ ಮೇಲೆ ಮುದುಕರು, ಮಕ್ಕಳು, ಹೊಸ ಜೋಡಿಗಳು ಎಲ್ಲರೂ ಬಟ್ಟೆ ಬದಲಿಸಿ ಬೀದಿಗೆ ಬರುತ್ತಾರೆ. ಸ್ಪೇನ್‌ನಲ್ಲಿ ರಾತ್ರಿಯೂಟ ಶುರುವಾಗುವುದೇ ಒಂಬತ್ತರ ಮೇಲೆ. ಬ್ಯಾಂಕಾಕ್‌ನ ಬೀದಿಬದಿಯ ಒಲೆಗಳು ಹೊತ್ತುವುದು ಕತ್ತಲಾದಾಗ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಪ್ರವಾಸಿಗರ ಬಸ್ಸುಗಳೊಡನೆ ನೋಡುವ ಊರು, ಅದೇ ಊರಿನವರು ಬದುಕುವ ಊರಿಗಿಂತ ಬೇರೆ. ಊರಿನ ಹೋಟೆಲಿನಲ್ಲಿ ಉಣ್ಣುವ ಸಂದರ್ಭವೂ ಕಡಿಮೆ, ಏಕೆಂದರೆ ಹಡಗಿನ ಊಟಕ್ಕೆ ಮೊದಲೇ ದುಡ್ಡು ಕೊಟ್ಟಾಗಿರುತ್ತದೆ.

ಜನಜಂಗುಳಿಯೂ ನಮ್ಮ ಜತೆಗೇ ಬರುತ್ತದೆ. 2024ರ ಜನವರಿಯಲ್ಲಿ ಓಡಾಟ ಶುರುಮಾಡಿದ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದ ಇದೆ, ಭರ್ತಿಯಾದರೆ 7,600 ಪ್ರಯಾಣಿಕರನ್ನು ಒಯ್ಯುತ್ತದೆ. ಅಷ್ಟು ದೊಡ್ಡದಲ್ಲದ ಎರಡು ಮೂರು ಹಡಗುಗಳು ಒಂದೇ ದಿನ ಬಂದರೂ ಚಿಕ್ಕ ಊರು ಉಸಿರಾಡಲಾಗದ ಸ್ಥಿತಿಗೆ ಬರುತ್ತದೆ. ಗ್ರೀಸ್‌ನ ಸಾಂಟೊರಿನಿ ದ್ವೀಪ ದಿನಕ್ಕೆ 8,000 ಹಡಗು ಪ್ರಯಾಣಿಕರ ಮಿತಿ ಹಾಕಿಕೊಂಡಿದೆ. 2025ರ ಬೇಸಿಗೆಯಿಂದ ಅಲ್ಲಿ ಮತ್ತು ಮಿಕೊನೊಸ್‌ನಲ್ಲಿ ಇಳಿಯುವವರಿಗೆ ಜನ ಹೆಚ್ಚಿರುವ ತಿಂಗಳುಗಳಲ್ಲಿ ತಲೆಗೆ 20 ಯೂರೊ ಶುಲ್ಕ ಇದೆ. ಸಾಂಟೊರಿನಿಯಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ಸಣ್ಣ ದೋಣಿಯಲ್ಲಿ ಕೆಳಗಿನ ಹಳೆ ಬಂದರಿಗೆ ಬಿಡುತ್ತಾರೆ. ಮೇಲಿನ ಊರಿಗೆ ಕೇಬಲ್ ಕಾರಿನ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಇಂಥ ಬಂದರುಗಳನ್ನು ವೇಳಾಪಟ್ಟಿಯಲ್ಲಿ ‘ಟೆಂಡರ್’ ಎಂದು ಗುರುತಿಸಿರುತ್ತಾರೆ. ಮಂಡಿನೋವಿನವರು, ಗಾಲಿಕುರ್ಚಿ ಬಳಸುವವರು ಆ ಪದವನ್ನು ತಪ್ಪದೆ ಹುಡುಕಿ ನೋಡಬೇಕು. ಅಲೆ ಜೋರಿದ್ದರೆ ಆ ದಿನ ಯಾರನ್ನೂ ಇಳಿಸುವುದೂ ಇಲ್ಲ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನನ್ನ ನಿಲುವು ಸ್ಪಷ್ಟ. ಇಟಲಿ, ಫ್ರಾನ್ಸ್, ಜಪಾನ್ ನೋಡಲು ಹಡಗು ಬೇಡ. ಇಟಲಿಯಲ್ಲಿ ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ತಾಸು, ಅಲ್ಲಿಂದ ವೆನಿಸ್‌ಗೆ ಎರಡು ತಾಸಿನಷ್ಟು. ರೈಲು ಇಳಿದರೆ ಊರಿನ ನಡುವೆಯೇ ಇರುತ್ತೀರಿ. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ ಎರಡೂಕಾಲು ತಾಸಿನಲ್ಲಿ ತಲುಪಿಸುತ್ತದೆ. ಇಷ್ಟು ಒಳ್ಳೆಯ ರೈಲು ಇರುವ ದೇಶಗಳನ್ನು ಬಂದರಿನ ಬಾಗಿಲಿನಿಂದ ಇಣುಕಿ ನೋಡುವುದರಲ್ಲಿ ಅರ್ಥವಿಲ್ಲ. ಗ್ರೀಸ್‌ನ ದ್ವೀಪಗಳಿಗೆ ಪಿರೇಯಸ್‌ನಿಂದ ಸ್ಥಳೀಯರೇ ಓಡಾಡುವ ಫೆರಿಗಳಿವೆ. ನ್ಯಾಕ್ಸೊಸ್‌ನಲ್ಲಿ ಎರಡು ರಾತ್ರಿ, ಸಾಂಟೊರಿನಿಯಲ್ಲಿ ಎರಡು ರಾತ್ರಿ ಉಳಿದರೆ ಬೆಳಗಿನ ಹಡಗುಗಳು ಬರುವ ಮೊದಲೂ, ಸಂಜೆ ಅವು ಹೋದ ಮೇಲೂ ಊರು ನಿಮ್ಮದಾಗಿರುತ್ತದೆ. ಸಾಮಾನು ಹೊತ್ತು ಹತ್ತಿ ಇಳಿಯುವ ಶಕ್ತಿ ಇಲ್ಲದವರಿಗೆ ಮಾತ್ರ ಅಲ್ಲಿ ಕ್ರೂಸ್ ಸರಿ.

ಹಡಗೇ ಸರಿಯಾದ ದಾರಿಯಾಗುವ ಕಡೆ

ಕೆಲವು ಸೀಮೆಗಳಲ್ಲಿ ಕಡಲೇ ರಸ್ತೆ. ಅಲಾಸ್ಕಾದ ರಾಜಧಾನಿ ಜೂನೊಗೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ನೀರಿನ ಮೇಲೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಎರಡು ದೊಡ್ಡ ಹಡಗುಗಳಿಗೆ ಪ್ರವೇಶ. ಅಲ್ಲಿ ಯಾರೂ ಇಳಿಯುವುದಿಲ್ಲ. ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ, ಹಡಗು ಹಿಮನದಿಯ ಎದುರು ನಿಧಾನಕ್ಕೆ ತಿರುಗಿ ನಿಲ್ಲುತ್ತದೆ, ಮಂಜಿನ ಬಂಡೆ ಸಿಡಿದು ನೀರಿಗೆ ಬೀಳುವುದನ್ನು ಡೆಕ್ಕಿನ ಮೇಲಿಂದಲೇ ನೋಡಬಹುದು. ಇಲ್ಲಿ ಹಡಗಿನಿಂದ ಕಾಣುವುದೇ ನೀವು ನೋಡಲು ಹೋದದ್ದು. ಆದರೆ ಅಲಾಸ್ಕಾದ ಎಲ್ಲ ಹಡಗುಗಳೂ ಗ್ಲೇಸಿಯರ್ ಬೇಗೆ ಹೋಗುವುದಿಲ್ಲ. ಬುಕ್ ಮಾಡುವ ಮೊದಲು ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿಕೊಳ್ಳಿ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಋತು.

ನಾರ್ವೆಯದೂ ಹೀಗೆಯೇ. ಗೈರಾಂಗರ್‌ನಂಥ ಫ್ಯೋರ್ಡ್‌ಗಳನ್ನು, ಅಂದರೆ ಎತ್ತರದ ಬಂಡೆಗಳ ನಡುವೆ ಮೈಲುಗಟ್ಟಲೆ ಒಳಹೊಕ್ಕ ಕಡಲಿನ ಸೀಳುಗಳನ್ನು, ನೀರಿನಿಂದ ನೋಡಿದಾಗಲೇ ಅವುಗಳ ಅಳತೆ ತಿಳಿಯುವುದು. ದೊಡ್ಡ ಕ್ರೂಸ್ ಹಡಗು ಬೇಡ ಎನ್ನುವವರಿಗೆ ಅಲ್ಲಿ ಇನ್ನೊಂದು ದಾರಿ ಇದೆ. 1893ರಲ್ಲಿ ಶುರುವಾದ ಕರಾವಳಿ ಹಡಗು ಸೇವೆ, ಹುರ್ಟಿಗ್ರುಟನ್. ಬರ್ಗನ್‌ನಿಂದ ರಷ್ಯಾದ ಗಡಿಯ ಹತ್ತಿರದ ಕಿರ್ಕನೆಸ್ ತನಕ 34 ಬಂದರುಗಳಲ್ಲಿ ನಿಲ್ಲುತ್ತ, ಸರಕನ್ನೂ ಸ್ಥಳೀಯರನ್ನೂ ಒಯ್ಯುತ್ತ ಹೋಗುತ್ತದೆ. ಹೋಗಿ ಬರಲು 12 ದಿನ. ನಮಗೆ ಬೇಕಾದಷ್ಟು ದೂರಕ್ಕೆ ಮಾತ್ರವೂ ಟಿಕೆಟ್ ಕೊಳ್ಳಬಹುದು. ಅಲ್ಲಿ ಮನರಂಜನೆಯ ಕಾರ್ಯಕ್ರಮಗಳನ್ನು ನಿರೀಕ್ಷಿಸಬೇಡಿ. ಮೀನಿನ ಪೆಟ್ಟಿಗೆ ಇಳಿಸುವುದು, ಶಾಲೆಯ ಮಕ್ಕಳು ಹತ್ತುವುದು, ಒಂದು ದೇಶದ ಕರಾವಳಿ ನಡೆಯುವ ಬಗೆ ಕಣ್ಣಮುಂದೆ ಇರುತ್ತದೆ. ದೂರದ ದೇಶ ನೋಡಲು ನನಗೆ ಇದಕ್ಕಿಂತ ಹಿಡಿಸಿದ ಹಡಗಿನ ವ್ಯವಸ್ಥೆ ಬೇರೆ ಇಲ್ಲ.

ಅಂಟಾರ್ಕ್ಟಿಕಾಕ್ಕೆ ಪ್ರವಾಸಿಗರಿಗೆ ಹಡಗೇ ಮುಖ್ಯ ದಾರಿ. ಅರ್ಜೆಂಟೀನಾದ ಉಷುವಾಯಾದಿಂದ ಹೊರಟು ಡ್ರೇಕ್ ಜಲಮಾರ್ಗ ದಾಟಲು ಸುಮಾರು ಎರಡು ದಿನ. ಕಡಲು ಬಹಳ ಒರಟು. ಇಲ್ಲಿ ಹಡಗಿನ ಗಾತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ಇಳಿಯುವಂತಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಕಡಿಮೆ ದರಕ್ಕೆ ಸಿಕ್ಕಿತೆಂದು ದೊಡ್ಡ ಹಡಗು ಹತ್ತಿದರೆ ಪೆಂಗ್ವಿನ್‌ಗಳ ನೆಲದ ಮೇಲೆ ಕಾಲಿಡದೆ ಬರಬೇಕಾಗುತ್ತದೆ. ಗ್ಯಾಲಪಗೋಸ್‌ನಲ್ಲಿಯೂ ಒಂದು ಹಡಗಿನಲ್ಲಿ ನೂರೇ ಜನರ ಮಿತಿ, ಉದ್ಯಾನದ ಪರವಾನಗಿ ಇರುವ ಮಾರ್ಗದರ್ಶಿ ಇಲ್ಲದೆ ಇಳಿಯುವಂತಿಲ್ಲ. ಜನ ಇರುವ ದ್ವೀಪಗಳಲ್ಲಿ ಹೋಟೆಲ್ ಹಿಡಿದು ದಿನದ ದೋಣಿಗಳಲ್ಲಿ ಹೋಗಿಬರಬಹುದು. ದೂರದ ದ್ವೀಪಗಳಿಗೆ ಮಾತ್ರ ರಾತ್ರಿ ಉಳಿಯುವ ಹಡಗೇ ಬೇಕು.

ಈಜಿಪ್ಟ್ ಈ ಇಡೀ ವಾದಕ್ಕೆ ಒಳ್ಳೆಯ ಉದಾಹರಣೆ. ಮೆಡಿಟರೇನಿಯನ್ ಕಡಲಿನ ದೊಡ್ಡ ಹಡಗಿನಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಹೋದವರು ಪಿರಮಿಡ್‌ಗಾಗಿ ಐದಾರು ತಾಸು ಬಸ್ಸಿನಲ್ಲೇ ಕಳೆಯುತ್ತಾರೆ. ಅದೇ ದೇಶದಲ್ಲಿ ಕೈರೋದಿಂದ ವಿಮಾನದಲ್ಲೋ ರಾತ್ರಿ ರೈಲಿನಲ್ಲೋ ಲಕ್ಸರ್‌ಗೆ ಹೋಗಿ, ಅಲ್ಲಿಂದ ಅಸ್ವಾನ್‌ಗೆ ನೈಲ್ ನದಿಯ ಸಣ್ಣ ಹಡಗಿನಲ್ಲಿ ಮೂರು ನಾಲ್ಕು ರಾತ್ರಿ ಸಾಗಿದರೆ ಕಥೆಯೇ ಬದಲಾಗುತ್ತದೆ. ಹಳೆಯ ಈಜಿಪ್ಟ್ ನದಿಯ ದಂಡೆಯಲ್ಲೇ ಬದುಕಿದ್ದು, ಗುಡಿಗಳನ್ನು ಅಲ್ಲೇ ಕಟ್ಟಿದ್ದು. ಕೊಮ್ ಒಂಬೊ ದೇವಾಲಯ ಕಟ್ಟೆಯಿಂದ ಕೆಲವೇ ಹೆಜ್ಜೆ, ಎಡ್ಫು ಸ್ವಲ್ಪವೇ ದೂರ, ಲಕ್ಸರ್‌ನ ಗುಡಿ ಊರ ನಡುವಿನ ನದಿದಂಡೆಯಲ್ಲೇ ಇದೆ. ಹಗಲಿನಲ್ಲಿ ಹಡಗು ಸಾಗುವಾಗ ಎರಡೂ ದಡದಲ್ಲಿ ಕಬ್ಬಿನ ಗದ್ದೆ, ಖರ್ಜೂರದ ತೋಪು, ಅದರಾಚೆ ಮರಳುಗಾಡು ಕಾಣುತ್ತ ಹೋಗುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಹೋಗಿ, ಬೇಸಿಗೆಯ ಬಿಸಿಲು ತಡೆಯುವಂಥದ್ದಲ್ಲ.

ಯುರೋಪಿನ ನದಿ ಹಡಗುಗಳೂ ಇದೇ ಜಾತಿಗೆ ಸೇರಿದವು. ಡ್ಯಾನ್ಯೂಬ್ ನದಿಯ ಹಡಗು ಪಾಸೌ, ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್‌ಗಳಲ್ಲಿ ಊರಿಗೆ ಹೊಂದಿಕೊಂಡೇ ನಿಲ್ಲುತ್ತದೆ, ಎಷ್ಟೋ ಸಲ ರಾತ್ರಿಯೂ ಅಲ್ಲೇ ಉಳಿಯುತ್ತದೆ. ಪ್ರಯಾಣಿಕರು ಇನ್ನೂರರೊಳಗೆ. ಕಡಲಿನ ಓಲಾಟ ಇಲ್ಲ. ದರ ಮಾತ್ರ ಹೆಚ್ಚು. ಮಳೆ ಕಡಿಮೆಯಾದ ಬೇಸಿಗೆಯಲ್ಲಿ ನೀರು ಇಳಿದರೆ ಹಡಗು ಸಾಗದು. ರೈನ್ ನದಿಯಲ್ಲಿ 2018ರಲ್ಲೂ 2022ರಲ್ಲೂ ಹೀಗಾಯಿತು. ಅಂಥ ವೇಳೆ ಕಂಪನಿಗಳು ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸುತ್ತವೆ. ಹಾಗಾಗಿ ಆಗಸ್ಟ್‌ಗಿಂತ ಮೇ, ಜೂನ್ ಒಳ್ಳೆಯದು.

ವೀಸಾ ಎಂಬ ದೊಡ್ಡ ಅಡಚಣೆ

ಕ್ರೂಸ್ ಬಗ್ಗೆ ಬರೆದ ವಿದೇಶಿ ಪುಸ್ತಕ, ವಿಡಿಯೊಗಳಲ್ಲಿ ಈ ಮಾತು ಬರುವುದೇ ಇಲ್ಲ, ಏಕೆಂದರೆ ಅವರ ಪಾಸ್‌ಪೋರ್ಟ್‌ಗೆ ಇದು ತೊಂದರೆಯೇ ಅಲ್ಲ. ನಮಗೆ ಹಾಗಲ್ಲ. ನಾಲ್ಕು ದೇಶ ಎಂದರೆ ನಾಲ್ಕು ದೇಶದ ನಿಯಮ. ಹಡಗಿನಿಂದ ಇಳಿಯುವುದೇ ಇಲ್ಲ ಎಂದರೂ ಪಟ್ಟಿಯಲ್ಲಿರುವ ಒಂದು ದೇಶದ ವೀಸಾ ಇಲ್ಲದಿದ್ದರೆ ಮೊದಲ ದಿನವೇ ಹಡಗು ಹತ್ತಲು ಬಿಡದಿರಬಹುದು, ದುಡ್ಡೂ ವಾಪಸ್ ಬರುವುದಿಲ್ಲ.

ಯುರೋಪಿಗೆ ಹೋಗುವವರು, ಅಲ್ಲಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾದಲ್ಲಿ ಎಷ್ಟು ಸಲ ಒಳಹೋಗಬಹುದು ಎಂಬುದನ್ನು ನೋಡಬೇಕು. ಅಥೆನ್ಸ್‌ನಿಂದ ಹೊರಟ ಹಡಗು ಟರ್ಕಿಯ ಕುಶಾದಾಸಿಯಲ್ಲಿ ನಿಂತರೆ ನೀವು ಷೆಂಗೆನ್‌ನಿಂದ ಹೊರಬಿದ್ದ ಹಾಗೆ. ಮರುದಿನ ರೋಡ್ಸ್‌ಗೆ ಬಂದಾಗ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಅಲ್ಲಿಗೆ ಮುಗಿದಿರುತ್ತದೆ. ಏಡ್ರಿಯಾಟಿಕ್ ಕಡೆ ಹೋಗುವ ಹಡಗುಗಳಲ್ಲಿ ಮಾಂಟೆನೆಗ್ರೊದ ಕೋಟರ್ ಇಂಥದ್ದೇ ಬಂದರು, ಏಕೆಂದರೆ ಅದು ಷೆಂಗೆನ್‌ನ ಹೊರಗೆ. ಕ್ರೊಯೇಷಿಯಾ ಮಾತ್ರ 2023ರ ಜನವರಿ 1ರಿಂದ ಷೆಂಗೆನ್ ಒಳಗೆ ಬಂದಿದೆ. ಅರ್ಜಿ ಹಾಕುವಾಗಲೇ ಹಡಗಿನ ವೇಳಾಪಟ್ಟಿಯನ್ನು ಲಗತ್ತಿಸಿ, ಬಹುಪ್ರವೇಶದ ವೀಸಾ ಬೇಕೆಂದು ಸ್ಪಷ್ಟವಾಗಿ ಬರೆಯಿರಿ.

ಅಲಾಸ್ಕಾಕ್ಕೆ ಅಮೆರಿಕದ ವೀಸಾ ಸಾಕು ಎಂದು ಅಂದುಕೊಳ್ಳುವವರು ಬಹಳ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ: ಬೇರೆ ದೇಶದ ಬಾವುಟ ಹೊತ್ತ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬಹಾಮಾಸ್, ಪನಾಮಾ, ಬರ್ಮುಡಾದಂಥ ದೇಶಗಳಲ್ಲಿ ನೋಂದಾಯಿಸಿದವು. ಆದ್ದರಿಂದ ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಹಡಗೂ ನಡುವೆ ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ, ಕೆಲವು ತಾಸಿನ ಮಟ್ಟಿಗಾದರೂ, ನಿಲ್ಲಲೇಬೇಕು. ಅಂದರೆ ಭಾರತೀಯರಿಗೆ ಕೆನಡಾ ವೀಸಾ ಕೂಡ ಬೇಕು. ಬೇಸಿಗೆಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳು ಇದನ್ನು ಅವರು ಊರು ಬಿಡುವ ಮೊದಲೇ ಮಾಡಿಸಿಬಿಡುವುದು ಒಳ್ಳೆಯದು.

ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗಿನ ಮೂರು ನಾಲ್ಕು ರಾತ್ರಿಯ ಪ್ರವಾಸಕ್ಕೂ ಸಿಂಗಪುರಕ್ಕೆ ಮರಳಿ ಒಳಬರುವ ಅನುಮತಿ ಇರಬೇಕು. ಮಲೇಷ್ಯಾ, ಥಾಯ್ಲೆಂಡ್‌ಗಳು ಈಚಿನ ವರ್ಷಗಳಲ್ಲಿ ಭಾರತೀಯರಿಗೆ ನಿಯಮ ಸಡಿಲಿಸಿದ್ದರೂ ಅವು ಆಗಾಗ ಬದಲಾಗುತ್ತವೆ. ಹೊರಡುವ ತಿಂಗಳಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ನೀವು ಊರಿಗೆ ಮರಳುವ ದಿನದಿಂದ ಆರು ತಿಂಗಳಾದರೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಲಿ.

ನಿಜವಾದ ಖರ್ಚು

ಜಾಹೀರಾತಿನ ದರ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ಒಬ್ಬರಿಗೆ ಬೀಳುವ ದರ, ಅದೂ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್‌ಗೆ. ಒಬ್ಬರೇ ಹೋದರೆ ಅನೇಕ ಕಂಪನಿಗಳು ಇಬ್ಬರ ದುಡ್ಡನ್ನೇ ಕೇಳುತ್ತವೆ. ಇದರ ಮೇಲೆ ಬಂದರು ಶುಲ್ಕ, ತೆರಿಗೆ. ಅಮೆರಿಕದ ದೊಡ್ಡ ಕಂಪನಿಗಳ ಹಡಗುಗಳಲ್ಲಿ ಸಿಬ್ಬಂದಿಯ ಟಿಪ್ಸ್ ಎಂದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಖಾತೆಗೆ ತಾನಾಗಿ ಸೇರುತ್ತದೆ. ದಂಪತಿಗೆ ಏಳು ರಾತ್ರಿಗೆ 224ರಿಂದ 280 ಡಾಲರ್. ಇಂಟರ್ನೆಟ್ ಬೇರೆ, ಪಾನೀಯ ಬೇರೆ, ವಿಶೇಷ ಹೋಟೆಲ್‌ಗಳ ಊಟ ಬೇರೆ. ಎಲ್ಲಕ್ಕಿಂತ ಹೆಚ್ಚಾಗುವುದು ಪ್ರತಿ ಬಂದರಿನ ದಿನದ ಪ್ರವಾಸ. ಭಾರತದಲ್ಲಿ ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ, ಕೂಡ ಸೇರುತ್ತದೆ. ಅದರ ಪ್ರಮಾಣ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ್ದರಿಂದ ರಸೀದಿ ಇಟ್ಟುಕೊಳ್ಳಿ. ಇದೆಲ್ಲವನ್ನೂ ಕೂಡಿಸಿ, ವಿಮಾನದ ದರ ಸೇರಿಸಿ, ಹಡಗು ಹೊರಡುವ ಹಿಂದಿನ ರಾತ್ರಿಯ ಹೋಟೆಲ್ ಸೇರಿಸಿ ಬಂದ ಮೊತ್ತವನ್ನು ನೆಲದ ಮೇಲಿನ ಪ್ರವಾಸದ ಮೊತ್ತದೊಡನೆ ಹೋಲಿಸಬೇಕು. ಹಿಂದಿನ ದಿನವೇ ತಲುಪುವುದು ಐಚ್ಛಿಕವಲ್ಲ: ಬೆಂಗಳೂರಿನ ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಫೋನನ್ನು ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುಗಡಲಿನಲ್ಲಿ ಹಡಗಿನ ಸ್ವಂತ ಮೊಬೈಲ್ ಜಾಲ ಹಿಡಿದುಕೊಂಡರೆ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸದೆ ದೊಡ್ಡ ಬಿಲ್ ಬರುತ್ತದೆ.

ವಿಮೆ ಇಲ್ಲದೆ ಹೋಗಲೇಬೇಡಿ. ಹಡಗಿನ ಆಸ್ಪತ್ರೆ ಉಚಿತವಲ್ಲ, ದುಬಾರಿ. ಗಂಭೀರ ಕಾಯಿಲೆಯಾದರೆ ಹೆಲಿಕಾಪ್ಟರ್‌ನಲ್ಲೋ ಮುಂದಿನ ಬಂದರಿನಲ್ಲೋ ಇಳಿಸುತ್ತಾರೆ. ಪಾಲಿಸಿಯಲ್ಲಿ ಕ್ರೂಸ್ ಪ್ರಯಾಣ, ತುರ್ತು ಸ್ಥಳಾಂತರ, ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆ, ಈ ಮೂರೂ ಸೇರಿವೆಯೇ ಎಂದು ಓದಿ. ಕಂಪನಿಯ ಒಪ್ಪಂದದ ಪತ್ರವನ್ನೂ ಓದಬೇಕು. ಹವಾಮಾನ, ಯುದ್ಧ, ಬಂದರಿನ ತೊಂದರೆ ಯಾವ ಕಾರಣಕ್ಕಾದರೂ ದಾರಿ ಬದಲಿಸುವ ಹಕ್ಕು ಅವರಿಗಿರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹಲವು ಕ್ರೂಸ್‌ಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಒಂದೇ ಒಂದು ಬಂದರಿನ ಆಸೆಗೆ ಇಡೀ ಪ್ರವಾಸ ಬುಕ್ ಮಾಡಬಾರದು ಎನ್ನುವುದು ಇದಕ್ಕೇ.

ಯಾರ ಜತೆ ಹೋಗುತ್ತೀರಿ?

ಇಷ್ಟು ಹೊತ್ತು ಕಡಿಮೆ ಅಂಕ ಕೊಟ್ಟ ದೊಡ್ಡ ಹಡಗಿಗೆ ಒಂದು ಕಡೆ ಮಾತ್ರ ಪೂರ್ತಿ ಅಂಕ ಕೊಡಲೇಬೇಕು. ಎಪ್ಪತ್ತು ದಾಟಿದ ಅಪ್ಪ ಅಮ್ಮ, ಸಣ್ಣ ಮಕ್ಕಳು, ಅಣ್ಣ ತಮ್ಮಂದಿರ ಸಂಸಾರ ಎಲ್ಲ ಒಟ್ಟಿಗೆ ಹೊರಟಿದ್ದರೆ ಹಡಗಿನಷ್ಟು ಅನುಕೂಲ ಬೇರೆಲ್ಲಿಯೂ ಸಿಗದು. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಸಾಕು. ಸುಸ್ತಾದವರು ಆ ದಿನ ಇಳಿಯದೆ ಕ್ಯಾಬಿನ್‌ನಲ್ಲೇ ಇರಬಹುದು, ಉಳಿದವರು ಊರು ನೋಡಿ ಬರಬಹುದು. ಹೊರದೇಶದ ಪ್ರವಾಸದಲ್ಲಿ ಹಿರಿಯರನ್ನು ಹೆಚ್ಚು ಬಳಲಿಸುವುದು ನಡಿಗೆಗಿಂತ ಊಟ. ದೊಡ್ಡ ಹಡಗುಗಳಲ್ಲಿ ಅನ್ನ, ದಾಲ್, ಒಂದೆರಡು ಭಾರತೀಯ ಪಲ್ಯ ಸಾಮಾನ್ಯವಾಗಿ ಸಿಗುತ್ತವೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯೋ ಜೈನ ಊಟವೋ ಬೇಕಾದರೆ ಕೆಲವು ವಾರ ಮುಂಚೆಯೇ ಬರೆದು ತಿಳಿಸಬೇಕು. ನಮ್ಮ ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋದವರು ಬಹಳ ಮಂದಿ ಇರುವುದರಿಂದ ಅಡುಗೆಮನೆಯ ಬಾಗಿಲಲ್ಲಿ ತುಳು, ಕನ್ನಡ, ಕೊಂಕಣಿ ಮಾತು ಕಿವಿಗೆ ಬಿದ್ದರೆ ಅಚ್ಚರಿ ಇಲ್ಲ.

ಗಲ್ಲಿ ಸುತ್ತಬೇಕು, ಸಿಕ್ಕ ಬಸ್ಸು ಹತ್ತಬೇಕು, ಮ್ಯೂಸಿಯಂನಲ್ಲಿ ದಿನ ಕಳೆಯಬೇಕು ಎನ್ನುವವರು ಹಡಗಿನ ಗಡಿಯಾರಕ್ಕೆ ಒಗ್ಗುವುದಿಲ್ಲ. ಅಂಥವರು ಮನೆಯವರ ಜತೆ ಹಡಗಿಗೆ ಹೋಗಲೇಬೇಕಾದರೆ ಹೊರಡುವ ಊರಿನಲ್ಲೋ ಮುಗಿಯುವ ಊರಿನಲ್ಲೋ ನಾಲ್ಕು ದಿನ ಹೆಚ್ಚು ಇಟ್ಟುಕೊಳ್ಳಿ. ಬಾರ್ಸಿಲೋನಾದಲ್ಲಿ ಹಡಗು ಹತ್ತುವುದಾದರೆ ನಾಲ್ಕು ದಿನ ಮೊದಲೇ ಹೋಗಿ, ಇಸ್ತಾಂಬುಲ್‌ನಲ್ಲಿ ಇಳಿಯುವುದಾದರೆ ಅಲ್ಲಿ ಉಳಿದುಬಿಡಿ. ವಿಮಾನದ ಖರ್ಚು ಹೇಗೂ ಆಗಿರುತ್ತದೆ.

ಓಲಾಟಕ್ಕೆ ಹೆದರುವವರು ಹಡಗಿನ ಉದ್ದದ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕ್ಯಾಬಿನ್ ಕೇಳಬೇಕು, ಅಲ್ಲಿ ತೂಗಾಟ ಕಡಿಮೆ. ‘ಗ್ಯಾರಂಟಿ ಕ್ಯಾಬಿನ್’ ಎಂದು ಅಗ್ಗಕ್ಕೆ ಕೊಡುವುದರಲ್ಲಿ ಜಾಗ ಆರಿಸುವ ಹಕ್ಕು ಕಂಪನಿಯದು. ತಮಗೆ ಕಡಲು ಹಿಡಿಸುತ್ತದೆಯೋ ಇಲ್ಲವೋ ಎಂದು ಗೊತ್ತೇ ಇಲ್ಲದವರು ಮೊದಲ ಪ್ರಯಾಣವನ್ನೇ ಹದಿನಾಲ್ಕು ರಾತ್ರಿಯದ್ದಾಗಿ ಮಾಡಬೇಕಿಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಕೆಲವೇ ರಾತ್ರಿಯ ಕ್ರೂಸ್‌ಗಳಿವೆ, ವೀಸಾ ಬೇಕಿಲ್ಲ. ಮಳೆಗಾಲ ಬಿಟ್ಟು ಹೋಗಿ, ಬಾಲ್ಕನಿಗೆ ಹೆಚ್ಚು ದುಡ್ಡು ಸುರಿಯದೆ ಸಾಮಾನ್ಯ ಕ್ಯಾಬಿನ್‌ನಲ್ಲೇ ಮಲಗಿ ನೋಡಿ. ಎರಡನೆಯ ರಾತ್ರಿ ನಿದ್ದೆ ಬಂದರೆ, ಡೆಕ್ಕಿನ ಮೇಲೆ ಬೇಸರವಾಗದಿದ್ದರೆ, ಅಲಾಸ್ಕಾ, ನಾರ್ವೆಗಳ ದರಪಟ್ಟಿ ತರಿಸಿಕೊಳ್ಳಬಹುದು.